ಕುಂಚವೂ ಸಾಮ್ರಾಜ್ಯವೂ

1768ನೆಯ ಇಸವಿಯಲ್ಲಿ ಜೇಮ್ಸ್ ಕುಕ್ಕನ ನಾಯಕತ್ವದಲ್ಲಿ ‘ಎಂಡೆವರ್’ ಹಡಗು ಇಂಗ್ಲೆಂಡಿನಿಂದ ದಕ್ಷಿಣ ಸಾಗರಕ್ಕೆ ಹೊರಟಿತು. ಸಿರಿವಂತ ಸಸ್ಯಶಾಸ್ತ್ರಜ್ಞನಾದ ಜೋಸೆಫ್ ಬ್ಯಾಂಕ್ಸನು ತನ್ನ ವೆಚ್ಚದಿಂದ ಕರೆದೊಯ್ದವರಲ್ಲಿ ಸಿಡ್ನಿ ಪಾರ್ಕಿನ್ಸನ್ ಎಂಬ ಸ್ಕಾಟ್ಲೆಂಡಿನ ತರುಣ ಚಿತ್ರಕಾರನೂ ಒಬ್ಬನು.

ಒಣಗಿಸಿದ ಗಿಡದಲ್ಲಿ ಎಲೆಯ ಆಕಾರ ಉಳಿಯುವುದು. ಹೂವಿನ ಬಣ್ಣ ಉಳಿಯದು. ಆದುದರಿಂದ ಕಿತ್ತ ಗಿಡವು ಬಾಡುವ ಮೊದಲೇ ಅದನ್ನು ಚಿತ್ರಿಸಬೇಕಾಗಿತ್ತು. ತಹೀತಿ ದ್ವೀಪದಲ್ಲಿ ನೊಣಗಳು ಕಾಗದದ ಮೇಲಿನ ಬಣ್ಣವನ್ನೇ ತಿಂದುಬಿಡುತ್ತಿದ್ದವು. 1770ರಲ್ಲಿ ಆಸ್ಟ್ರೇಲಿಯದ ಪೂರ್ವತೀರದಲ್ಲಿ ಗಿಡಗಳು ರಾಶಿರಾಶಿಯಾಗಿ ಬಂದಾಗ, ಪಾರ್ಕಿನ್ಸನ್ನನು ಬರಿಯ ರೇಖೆಗಳನ್ನೆಳೆದು, ಅಲ್ಲಲ್ಲಿ ಬಣ್ಣ ತುಂಬಿ, ಉಳಿದುದನ್ನು ಮುಂದೆ ಪೂರೈಸಲೆಂದು ಟಿಪ್ಪಣಿ ಬರೆದಿಟ್ಟನು. ಆ ‘ಮುಂದೆ’ ಎಂಬುದು ಆತನ ಪಾಲಿಗೆ ಬರಲಿಲ್ಲ. 900ಕ್ಕೂ ಮಿಕ್ಕ ಸಸ್ಯಚಿತ್ರಗಳನ್ನು ಬಿಟ್ಟು, 1771ರ ಜನವರಿಯಲ್ಲಿ ರಕ್ತಭೇದಿಯಿಂದ ನಡುಗಡಲಲ್ಲಿ ಮಡಿದನು. ಬ್ಯಾಂಕ್ಸನು 700ಕ್ಕೂ ಮಿಕ್ಕ ತಾಮ್ರಫಲಕಗಳನ್ನು ಕೊರೆಯಿಸಿದನಾದರೂ, ಅವು ಬಣ್ಣದಲ್ಲಿ ಸಮಗ್ರವಾಗಿ ಅಚ್ಚಾದುದು 1980–1990ರ ಅವಧಿಯಲ್ಲಿ.

ಆತನು ತಹೀತಿಯಲ್ಲಿ ಚಿತ್ರಿಸಿದ ಸಸ್ಯಗಳಲ್ಲಿ ನಮಗೂ ಪರಿಚಿತವಾದುದೊಂದಿದೆ: ದೀವಿಹಲಸು. ಕರಾವಳಿಯ ಅಡಿಗೆಮನೆಯಲ್ಲಿ ಪಲ್ಯವೂ ಪೋಡಿಯೂ ಆಗುವ ಜೀಗುಜ್ಜೆ ಇದೇ. ಅದರ ಶಾಸ್ತ್ರೀಯ ನಾಮದೊಡನೆ ಪಾರ್ಕಿನ್ಸನ್ನನ ಹೆಸರನ್ನು ಇಂದಿಗೂ ಬರೆಯುತ್ತಾರೆ. 1773ರಲ್ಲಿ ಆತನ ಸೋದರನು ಹೊರತಂದ ದಿನಚರಿಯಲ್ಲಿ ತಹೀತಿಯ ಸಸ್ಯಗಳ ಪಟ್ಟಿಯಿದೆ. ಆ ಜನರು ಇಟ್ಟ ಹೆಸರುಗಳೂ ಅವರು ಕಂಡುಕೊಂಡ ಉಪಯೋಗಗಳೂ ಅದರಲ್ಲಿ ದಾಖಲಾಗಿವೆ.

ಆದರೆ ಆ ಹಣ್ಣಿನ ಮುಂದಿನ ಕಥೆ ಬೇರೆ. ಬ್ಯಾಂಕ್ಸನ ಬೆಂಬಲದಿಂದ ವಿಲಿಯಂ ಬ್ಲೈ ಎಂಬ ನಾವಿಕನು ದೀವಿಹಲಸಿನ ಸಸಿಗಳನ್ನು ವೆಸ್ಟ್ ಇಂಡೀಸಿಗೆ ಸಾಗಿಸಲು ಹೊರಟನು. ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರಿಗೆ ಅಗ್ಗದ ಆಹಾರವೊದಗಿಸುವುದೇ ಉದ್ದೇಶವಾಗಿತ್ತು. 1789ರಲ್ಲಿ ‘ಬೌಂಟಿ’ ಹಡಗಿನ ದಂಗೆಯಿಂದ ಆ ಯತ್ನ ಮುರಿಯಿತು; 1793ರಲ್ಲಿ ಇನ್ನೊಂದು ಹಡಗಿನಲ್ಲಿ ಸಸಿಗಳು ತಲುಪಿದವು. ತಲೆತಲಾಂತರದಿಂದ ಆ ಮರವನ್ನು ಬೆಳೆಸಿದ್ದವರ ಜ್ಞಾನವು ಪರರ ದಾಸ್ಯವನ್ನು ಪೋಷಿಸುವ ಸಾಧನವಾಯಿತು.

ಚಿತ್ರಕಾರನ ಕುಂಚಕ್ಕೆ ಈ ಪಾಪ ತಟ್ಟದು. ಆತನ ಶ್ರಮ ವಂದನೀಯವೇ. ಆದರೆ ಜ್ಞಾನವನ್ನು ಯಾರು ಗಳಿಸಿದರೆಂಬುದರಷ್ಟೇ, ಅದು ಯಾರ ಕೈಸೇರಿ ಯಾರ ಹಿತಕ್ಕೆ ವಿನಿಯೋಗವಾಯಿತೆಂಬುದೂ ವಿಚಾರಣೀಯವು. ನಮ್ಮ ಕಾಡುಮೇಡುಗಳ ಗಿಡಮೂಲಿಕೆಗಳ ಹೆಸರನ್ನೂ ಗುಣವನ್ನೂ ಬಲ್ಲ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕೇಳಿ, ಕಂಡುದನ್ನು ಚಿತ್ರಿಸಿ, ನಮ್ಮ ನುಡಿಯಲ್ಲಿಯೇ ಬರೆದಿಡುವುದು ಕನ್ನಡದ ತರುಣರ ಕರ್ತವ್ಯವಲ್ಲವೇ?