ಬಳ್ಳಿಗಾವಿಯಲ್ಲೊಂದು ಶಿಬಿರ ನಡೆಯಲಿ

2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ನಮ್ಮ ಸೊರಬದ ಪಕ್ಕದ ಹಾವೇರಿ ಜಿಲ್ಲೆಯವನು. ಮರುವರ್ಷ ಏಪ್ರಿಲ್‌ನಲ್ಲಿ ಸುಡಾನಿನ ಸೇನೆಯೂ ಅರೆಸೇನಾ ಪಡೆಯೂ ಬಡಿದಾಡಿಕೊಂಡಾಗ, ಗಿಡಮೂಲಿಕೆ ಔಷಧಿ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಬುಡಕಟ್ಟಿನವರು ಅಲ್ಲಿ ಸಿಕ್ಕಿಬಿದ್ದರು. 'ಆಪರೇಷನ್ ಕಾವೇರಿ'ಯಲ್ಲಿ ಅವರನ್ನು ಕರೆತರಬೇಕಾಯಿತು. ವಿಶ್ವಶಾಂತಿ ಎಂಬುದು ದಿಲ್ಲಿ, ಜಿನೀವಾದವರ ತಲೆನೋವು ಎಂದು ಸೊರಬದವರೂ ಸುಮ್ಮನಿರುವ ಕಾಲ ಇದಲ್ಲ.

ಆದರೆ ಸೊರಬದ ಇಪ್ಪತ್ತರ ಹುಡುಗನೋ ಹುಡುಗಿಯೋ ಇದಕ್ಕೆ ಏನು ಮಾಡಬಹುದು? ಸಿದ್ಧ ಉತ್ತರ ಎಲ್ಲರಿಗೂ ಗೊತ್ತು: ಅಕ್ಟೋಬರ್ 24ಕ್ಕೆ ವಿಶ್ವಸಂಸ್ಥೆ ದಿನಾಚರಣೆ, ಪ್ರಬಂಧ ಸ್ಪರ್ಧೆ, ಬಿಳಿ ಪಾರಿವಾಳದ ಪೋಸ್ಟರ್, ಮುಖ್ಯ ಅತಿಥಿಗಳಿಗೆ ಶಾಲು. ಸಂಜೆ ಹೊತ್ತಿಗೆ ಪೋಸ್ಟರ್ ಕಿತ್ತಿರುತ್ತಾರೆ. ಭದ್ರತಾ ಮಂಡಳಿ 2015ರ ಡಿಸೆಂಬರ್‌ನಲ್ಲಿ 2250ನೇ ನಿರ್ಣಯ ಮಾಡಿ, ಶಾಂತಿಯ ಕೆಲಸದಲ್ಲಿ ಯುವಜನರಿಗೂ ಜಾಗ ಕೊಡಿ ಎಂದು ದೇಶಗಳಿಗೆ ಹೇಳಿತು. ಒಳ್ಳೆಯದೇ. ಜಾಗ ಸಿಕ್ಕಮೇಲೆ ಮಾಡುವುದೇನು ಎಂಬುದೂ ಗೊತ್ತಿರಬೇಕಲ್ಲ.

ಅದನ್ನು ಬದುಕಿಡೀ ಮಾಡಿ ತೋರಿಸಿದ ಕನ್ನಡಿಗ ಎಸ್.ಎನ್. ಸುಬ್ಬರಾವ್. 1942ರ ಚಳವಳಿಯಲ್ಲಿ ಹದಿಮೂರರ ಹುಡುಗ ಗೋಡೆ ಬರಹ ಬರೆದು ಪೊಲೀಸರ ಕೈಗೆ ಸಿಕ್ಕಿದ್ದ. ಮುಂದೆ ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರರ ಸೇವಾದಳ ಸೇರಿ, 1970ರಲ್ಲಿ ರಾಷ್ಟ್ರೀಯ ಯುವ ಯೋಜನೆ ಕಟ್ಟಿದರು. ಚಂಬಲ್ ಕಣಿವೆಯ ಜೌರಾದಲ್ಲಿ ಅವರದೇ ಆಶ್ರಮದ ಬಳಿ 1972ರ ಏಪ್ರಿಲ್ 14ರಂದು ಡಕಾಯಿತರು ಜಯಪ್ರಕಾಶ ನಾರಾಯಣರ ಮುಂದೆ ಬಂದೂಕು ಕೆಳಗಿಟ್ಟ ಕಥೆ ದೇಶಕ್ಕೆಲ್ಲ ಗೊತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಶಿಬಿರಗಳು. ಖಾಕಿ ಚಡ್ಡಿ, ಬಿಳಿ ಖಾದಿ ಅಂಗಿಯ ಅವರು ಊರೂರಲ್ಲಿ ಬೇರೆ ಬೇರೆ ರಾಜ್ಯಗಳ ಮಕ್ಕಳನ್ನು ಕಲೆಹಾಕಿ, ಬೆಳಿಗ್ಗೆ ಗುದ್ದಲಿ ಹಿಡಿಸಿ, ಸಂಜೆ ಹತ್ತಾರು ಭಾಷೆಗಳಲ್ಲಿ ಹಾಡಿಸುತ್ತಿದ್ದರು. ಭಾಷಣ ಕಡಿಮೆ, ಬೆವರು ಜಾಸ್ತಿ. 2021ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸ. ಅಪರಿಚಿತರ ಜೊತೆ ಒಂದು ವಾರ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಹೊಂಡದ ಮಣ್ಣು ಹೊತ್ತವರಿಗೆ 'ಅವರೆಲ್ಲ ಹೀಗೇ' ಎಂದು ಸಾರಾಸಗಟು ಹೇಳುವುದು ಕಷ್ಟವಾಗುತ್ತದೆ.

ಬಂದವರನ್ನು ನಡೆಸಿಕೊಳ್ಳುವ ರೀತಿಯಿಂದಲೇ ಯುದ್ಧವೂ ಶಾಂತಿಯೂ ಹುಟ್ಟುತ್ತವೆ ಎಂಬುದಕ್ಕೆ ಶಿರಾಳಕೊಪ್ಪದ ಆಚೀಚೆ ಎರಡು ಕಲ್ಲುಗಳೇ ಸಾಕ್ಷಿ ಇವೆ. ತಾಳಗುಂದದ ಸ್ತಂಭಶಾಸನದ ಪ್ರಕಾರ, ಗುರು ವೀರಶರ್ಮನೊಂದಿಗೆ ಕಂಚಿಯ ಘಟಿಕೆಗೆ ಓದಲು ಹೋದ ಮಯೂರಶರ್ಮನಿಗೆ ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಯಿತು. ಇವತ್ತಾಗಿದ್ದರೆ ವೀಸಾ ರದ್ದಾಗಿ ಮುಗಿಯುತ್ತಿತ್ತೇನೋ. ಮಯೂರ ಕತ್ತಿ ಹಿಡಿದು ಶ್ರೀಪರ್ವತದ ಕಾಡು ಸೇರಿದ. ಕೊನೆಗೆ ಪಲ್ಲವರೇ ಸಂಧಿಗೆ ಬಂದು ಅವನಿಗೆ ನಾಡು ಬಿಟ್ಟುಕೊಟ್ಟರು. ಕದಂಬರ ಇತಿಹಾಸ ಅಲ್ಲಿಂದ ಶುರು. ನಾವು ಅದನ್ನು ಹೆಮ್ಮೆಯಿಂದಲೇ ಓದುತ್ತೇವೆ, ಸರಿ. ದೂರದೂರಿಗೆ ಓದಲು ಹೋದ ಹುಡುಗನೊಬ್ಬನಿಗೆ ಆದ ಅವಮಾನ ಅದರ ಬುಡದಲ್ಲಿದೆ ಎಂಬುದನ್ನು ಮಾತ್ರ ಬೇಗ ಮರೆಯುತ್ತೇವೆ.

ಇನ್ನೊಂದು ಕಲ್ಲು ಬಳ್ಳಿಗಾವಿಯದು. ಅಲ್ಲಿನ ಕೇದಾರೇಶ್ವರದ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನದಲ್ಲಿ ಒಂದು ಉದ್ದನೆಯ ಪಟ್ಟಿಯಿದೆ. ವೇದ, ವ್ಯಾಕರಣ, ಯೋಗ, ಪುರಾಣಗಳ ಜೊತೆ ಬೌದ್ಧ ದರ್ಶನವನ್ನೂ ಅಲ್ಲಿ ಓದುತ್ತಿದ್ದರು. ದಿಕ್ಕಿಲ್ಲದವರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ಕುಣಿಯುವವರಿಗೆ, ನಾನಾ ದೇಶಗಳಿಂದ ಬಂದ ಭಿಕ್ಷುಕರಿಗೆ ಅನ್ನ, ರೋಗಿಗಳಿಗೆ ಮದ್ದು, ಸಕಲ ಜೀವಿಗಳಿಗೂ ಅಭಯ. ಮಠ ಶೈವರದು, ಅನ್ನಕ್ಕೆ ಮತ ಕೇಳುತ್ತಿರಲಿಲ್ಲ. ಅದೇ ಊರಿನಲ್ಲಿ 1065ರಲ್ಲಿ ರೂಪಭಟ್ಟಯ್ಯನೆಂಬ ದಂಡನಾಯಕ ಬೌದ್ಧ ವಿಹಾರ ಕಟ್ಟಿಸಿದ್ದ. ಎರಡು ವರ್ಷದ ಮೇಲೆ ನಾಗಿಯಕ್ಕ ತಾರಾ ಭಗವತಿಯ ವಿಗ್ರಹ ಮಾಡಿಸಿದಳು.

ತಾರೆಯನ್ನು ಇವತ್ತಿಗೂ ಪೂಜಿಸುವವರು ನಮಗೆ ದೂರವೇನಿಲ್ಲ. ಸೊರಬದಿಂದ ಆನವಟ್ಟಿ, ಹಾನಗಲ್ ದಾಟಿದರೆ ಮುಂಡಗೋಡ. 1966ರಿಂದ ಟಿಬೆಟನ್ ನಿರಾಶ್ರಿತರು ಅಲ್ಲಿದ್ದಾರೆ. ಲಾಸಾ ಬಳಿಯ ಡ್ರೆಪುಂಗ್, ಗಾಂಡೆನ್ ಮಹಾವಿಹಾರಗಳು ಅಲ್ಲಿ ಮತ್ತೆ ತಲೆಯೆತ್ತಿವೆ. ಅಲ್ಲೇ ಹುಟ್ಟಿ ಬೆಳೆದ ಮೂರನೇ ತಲೆಮಾರು ಕಾಲೇಜು ಮೆಟ್ಟಿಲು ಹತ್ತಿದೆ. ನಾವು ಹೋಗುತ್ತೇವೆ, ಬಂಗಾರ ಬಣ್ಣದ ಬುದ್ಧನೆದುರು ಸೆಲ್ಫಿ ತೆಗೆದುಕೊಳ್ಳುತ್ತೇವೆ, ಮೊಮೊ ತಿಂದು ಸ್ವೆಟರ್ ಕೊಂಡು ಬರುತ್ತೇವೆ. ಮಾತಾಡಿದ್ದು ಸ್ವೆಟರಿನ ರೇಟಿನ ಬಗ್ಗೆ ಮಾತ್ರ. ವಿದೇಶಿಯರು ಆ ನೆಲೆಗೆ ಬರಲು ಕೇಂದ್ರ ಗೃಹ ಸಚಿವಾಲಯದ ಅನುಮತಿ ಪಡೆಯಬೇಕು. ನಮಗೆ ಬಸ್ ಚಾರ್ಜು ಸಾಕು.

ರೇಟಿನಾಚೆಗೂ ಮಾತು ಶುರುವಾಗಲು ಹೊಸ ಸಂಸ್ಥೆ ಕಟ್ಟಬೇಕಾಗಿಲ್ಲ. 1969ರಲ್ಲಿ, ಗಾಂಧೀಜಿ ಶತಮಾನೋತ್ಸವದ ವರ್ಷ ಶುರುವಾದ ಎನ್‌ಎಸ್‌ಎಸ್ ಇದ್ದೇ ಇದೆ. ವರ್ಷಕ್ಕೊಮ್ಮೆ ಏಳು ದಿನದ ಶಿಬಿರ ಹೇಗೂ ನಡೆಯಬೇಕು: ಶಾಲೆಯ ಕೋಣೆಯಲ್ಲಿ ಜಮಖಾನ ಹಾಸಿ ಮಲಗುವುದು, ಬೆಳಿಗ್ಗೆ ಸೀಟಿ, ಚರಂಡಿಯೋ ಕೆರೆ ಏರಿಯೋ, ಊರವರು ಕೊಟ್ಟ ಅಕ್ಕಿ, ತೆಂಗಿನಕಾಯಿ. ಸೊರಬ, ಶಿಕಾರಿಪುರದ ಕಾಲೇಜುಗಳು ಒಂದು ವರ್ಷ ಇದನ್ನು ಬಳ್ಳಿಗಾವಿಯಲ್ಲಿ ಇಟ್ಟುಕೊಂಡು, ಮುಂಡಗೋಡಿನ ಇಪ್ಪತ್ತು ಟಿಬೆಟನ್ ಯುವಕ ಯುವತಿಯರನ್ನು ಕರೆಯಲಿ. ಅತಿಥಿಗಳೆಂದು ವೇದಿಕೆ ಮೇಲೆ ಕೂರಿಸಲು ಅಲ್ಲ, ಶಿಬಿರಾರ್ಥಿಗಳಾಗಿ. ಮೊದಲ ದಿನ ಎರಡು ಗುಂಪೂ ಬೇರೆ ಬೇರೆ ಕೂತು ಮೊಬೈಲ್ ನೋಡುತ್ತವೆ. ಸಾರಿನ ಖಾರದ ಬಗ್ಗೆ ತಕರಾರು ಬರುತ್ತದೆ. ಮೂರನೇ ದಿನದ ಹೊತ್ತಿಗೆ ಯಾರಾದರೂ 'ನಿಮ್ಮಜ್ಜ ಊರು ಬಿಟ್ಟಿದ್ದು ಯಾಕೆ' ಎಂದು ಕೇಳಿಯೇ ಕೇಳುತ್ತಾರೆ. ಮರುವರ್ಷ ಶಿಬಿರ ಮುಂಡಗೋಡಿನಲ್ಲಾಗಲಿ. ಆಗ ಹೋಗಿ ಉಳಿಯುವವರು ನಾವು, ಖಾರ ಸಾಲದೆಂದು ಗೊಣಗುವ ಸರದಿಯೂ ನಮ್ಮದು.