ಐಟಿಐ ಬಿಡೋದು ಒಂದೇ ದಿನದಲ್ಲಿ ಆಗೋದಲ್ಲ

ಇವತ್ತಿನ ಪ್ರಶ್ನೆ: ಐಟಿಐ ಸೇರಿದ ಹುಡುಗರು ಅರ್ಧಕ್ಕೇ ಯಾಕೆ ಬಿಡ್ತಾರೆ?

ನಾನೂ ಐಟಿಐನವನೇ. ಫಿಟ್ಟರ್ ಟ್ರೇಡ್, ಎರಡು ವರ್ಷದ ಕೋರ್ಸ್. ಪಕ್ಕದ ಬೆಂಚಿನಲ್ಲಿದ್ದ ಗೆಳೆಯನ ಕೈಕೆಲಸ ನನಗಿಂತ ಚೆನ್ನಾಗಿತ್ತು. ಅವನು ಫೈಲಿಂಗ್ ಮಾಡಿದ ಜಾಬ್ ಎತ್ತಿ ಮೇಷ್ಟ್ರು ಎಲ್ಲರಿಗೂ ತೋರಿಸ್ತಿದ್ದರು. ಆದ್ರೆ ಕೋರ್ಸ್ ಮುಗಿಸಿದ್ದು ನಾನು, ಅವನಲ್ಲ.

ಶುರುವಾಗಿದ್ದು ರಾತ್ರಿ ಡೆಲಿವರಿ ಕೆಲಸದಿಂದ. ಮನೆಗೆ ದುಡ್ಡು ಬೇಕಿತ್ತು, ಅದರಲ್ಲಿ ತಪ್ಪೇನಿಲ್ಲ. ನಿದ್ದೆ ಕಡಿಮೆಯಾಯ್ತು, ಬೆಳಗಿನ ಕ್ಲಾಸ್ ತಪ್ಪಿತು. ಕೈಯಲ್ಲಿ ಕಾಸು ಓಡಾಡೋಕೆ ಶುರುವಾದಾಗ ಫೋನಲ್ಲಿ ಕ್ರಿಕೆಟ್ ಬೆಟ್ಟಿಂಗ್ ಬಂತು. ಸೋತ ದುಡ್ಡು ವಾಪಸ್ ತರೋಕೆ ಸಾಲದ ಆ್ಯಪ್. ಆಮೇಲೆ ಸಾಲ ತೀರಿಸೋಕೆ ಹಗಲೂ ಬೈಕ್ ಹತ್ತಿದ.

ಇಲ್ಲೊಂದು ವಿಷಯ ಗಮನಿಸಿ. ಥಿಯರಿ ಆದ್ರೆ ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ಓದಿ ಹೇಗೋ ಪಾಸಾಗಬಹುದು. ಕೈಕೆಲಸಕ್ಕೆ ಗೈಡ್ ಇಲ್ಲ. ಎರಡು ವಾರ ವರ್ಕ್‌ಶಾಪ್ ತಪ್ಪಿಸಿದವನು ವಾಪಸ್ ಬಂದಾಗ ಉಳಿದವರು ಮುಂದಿನ ಜಾಬ್‌ಗೆ ಹೋಗಿರ್ತಾರೆ. ನಾಚಿಕೆ ಆಗುತ್ತೆ, ಮತ್ತೆ ತಪ್ಪಿಸ್ತಾನೆ. ನಿದ್ದೆಗೆಟ್ಟ ಕಣ್ಣಲ್ಲಿ ಡ್ರಿಲ್ಲಿಂಗ್ ಮಷಿನ್ ಮುಂದೆ ನಿಲ್ಲೋದಂತೂ ಬೆರಳಿಗೇ ಅಪಾಯ. ಅಖಿಲ ಭಾರತ ಟ್ರೇಡ್ ಪರೀಕ್ಷೆಗೆ ಕೂರಬೇಕಾದ್ರೆ ಶೇ 80ರಷ್ಟು ಹಾಜರಾತಿ ಬೇಕು. ಅದು ಕೈತಪ್ಪುತ್ತಿದೆ ಅಂತ ಗೊತ್ತಾದ ದಿನ ಅವನು ಬರೋದನ್ನೇ ನಿಲ್ಲಿಸಿಬಿಟ್ಟ.

ಕಳೆದುಕೊಂಡಿದ್ದು ಬರೀ ಒಂದು ಕಾಗದ ಅಲ್ಲ. ಆ ಸರ್ಟಿಫಿಕೇಟ್ ಇದ್ರೆ ಕಂಪನಿಗಳಲ್ಲಿ ಅಪ್ರೆಂಟಿಸ್ ಆಗಬಹುದು, ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರವಾಗಿ ಸೇರೋ ದಾರಿಯೂ ಇದೆ.

ಹಾಗಾದ್ರೆ ಏನು ಮಾಡೋದು? ಮೊದಲ ವಾರದಲ್ಲೇ ಬಾಯಿಬಿಡಿ. ಸಂಜೆ ಕೆಲಸ ಮಾಡ್ತಿದ್ರೆ ಮೇಷ್ಟ್ರಿಗೆ ಹೇಳಿ, ತಪ್ಪಿದ ಜಾಬ್ ಮಾಡೋಕೆ ಸಮಯ ಕೇಳಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಆದರೂ ಯಾರಾದ್ರೂ ಲಿಂಕ್ ಕಳಿಸಿದ್ರೆ ಒತ್ತಬೇಡಿ. ಚಟ, ಸಾಲ, ಭಯ ತಲೆ ತಿನ್ನುತ್ತಿದ್ರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು. ಪಕ್ಕದ ಬೆಂಚು ಮೂರು ದಿನ ಖಾಲಿ ಇದ್ರೆ, ಸಂಜೆ ಅವನಿಗೊಂದು ಫೋನ್ ಮಾಡಿ. ನಾನು ಮಾಡಲಿಲ್ಲ. ಅದಕ್ಕೇ ಇವತ್ತು ಈ ಮಾತು ಹೇಳ್ತಿದ್ದೀನಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.