ಕಡತ ಹಳೆಯದು, ಕರಣಿಕ ಹೊಸಬ

ಒಂದು ಊರಿನ ಲೆಕ್ಕಪತ್ರಗಳನ್ನು ಕರಣಿಕನೊಬ್ಬನು ಹಲವು ವರ್ಷಗಳಿಂದ ಬರೆದಿಟ್ಟಿದ್ದಾನೆಂದು ಭಾವಿಸೋಣ. ಅವನ ಸ್ಥಾನಕ್ಕೆ ಇನ್ನೂ ಚುರುಕಾದ ಹೊಸಬನು ಬರುತ್ತಾನೆ. ಆದರೆ ಕಡತ ಬರೆಯುವ ಇವನ ಕ್ರಮವೇ ಬೇರೆ. ಹಿಂದಿನವನ ಬರಹ ಇವನಿಗೆ ತಿಳಿಯದು. ಆಗ ಊರಿನ ಲೆಕ್ಕದ ಗತಿಯೇನು? ಕಂಪ್ಯೂಟರಿನಲ್ಲಿ ಡೇಟಾಬೇಸ್ ತಂತ್ರಾಂಶವನ್ನು ನವೀಕರಿಸುವಾಗ ಉಂಟಾಗುವ ತೊಡಕೂ ಇಂಥದೇ.

ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದರ ಮೂಲವು 1986ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ ಆರಂಭವಾದ ಸಂಶೋಧನೆಯಲ್ಲಿದೆ. ಈಗಿನ ಹೆಸರು ಬಂದುದು 1996ರಲ್ಲಿ. ಇದರ ನವೀಕರಣ ಎರಡು ಬಗೆಯದು. 15.3ರಿಂದ 15.4ಕ್ಕೆ ಹೋಗುವುದು ಕಿರಿಯ ನವೀಕರಣ. ಇದರಲ್ಲಿ ದೋಷಗಳನ್ನು ತಿದ್ದುತ್ತಾರೆಯೇ ಹೊರತು ಕಡತದ ರೂಪವನ್ನು ಬದಲಿಸುವುದಿಲ್ಲ. 15ರಿಂದ 17ಕ್ಕೆ ಹೋಗುವುದು ಹಿರಿಯ ನವೀಕರಣ. ಇಲ್ಲಿ ಒಳಗಿನ ರಚನೆಯೇ ಬದಲಾಗಿರಬಹುದು. 15ನೆಯ ಆವೃತ್ತಿಯ ಕಡತವನ್ನು 17ರ ಮುಂದಿಟ್ಟರೆ ಅದು ‘ಇದು ನನಗೆ ಸಲ್ಲದು’ ಎಂದು ನಿಂತುಬಿಡುತ್ತದೆ. ಹಾಗೆಂದು ಹಳೆಯದನ್ನೇ ಅಪ್ಪಿಕೊಂಡಿರುವಂತೆಯೂ ಇಲ್ಲ. ಒಂದೊಂದು ಹಿರಿಯ ಆವೃತ್ತಿಗೂ ಸುಮಾರು 5 ವರ್ಷ ಮಾತ್ರ ದೋಷ ಪರಿಹಾರ ದೊರೆಯುತ್ತದೆ.

ಈಗ ಲಿನಕ್ಸಿನ ಕಡೆಗೆ ಬರೋಣ. 1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ತಂತ್ರಾಂಶಗಳು ಪೊಟ್ಟಣಗಳಾಗಿ ದೊರೆಯುತ್ತವೆ. ‘ಆಪ್ಟ್’ ಎಂಬುದು ಇವುಗಳ ನಿರ್ವಾಹಕ. ಒಂದು ಪೊಟ್ಟಣಕ್ಕೆ ಬೇರೆ ಯಾವುವು ಬೇಕೆಂದು ಲೆಕ್ಕ ಹಾಕಿ, ಅವನ್ನು ತರಿಸಿ, ಬಂದುದು ಅಸಲಿಯೇ ಎಂದು ಪರೀಕ್ಷಿಸಿ, ಯಥಾಸ್ಥಾನದಲ್ಲಿ ಇಡುವುದು ಅದರ ಕೆಲಸ. ಕಿರಿಯ ನವೀಕರಣಕ್ಕೆ ಇಷ್ಟೇ ಸಾಕು.

2023ರ ಡೆಬಿಯನ್ 12ರಲ್ಲಿ ಪೋಸ್ಟ್‌ಗ್ರೆಸ್ 15 ಇದ್ದಿತು. 2025ರ ಡೆಬಿಯನ್ 13ರಲ್ಲಿ 17 ಇದೆ. ಒಂದರಿಂದ ಇನ್ನೊಂದಕ್ಕೆ ಏರಿದಾಗ ಆಪ್ಟ್ ಹೊಸದನ್ನು ಹಳೆಯದರ ಪಕ್ಕದಲ್ಲಿಯೇ ಸ್ಥಾಪಿಸುತ್ತದೆ. ಹಳೆಯದು 5432ನೆಯ ದ್ವಾರದಲ್ಲಿ ಎಂದಿನಂತೆ ದುಡಿಯುತ್ತಿರುತ್ತದೆ. ಹೊಸದು 5433ರಲ್ಲಿ ಬರಿಗೈಯಲ್ಲಿ ಕುಳಿತಿರುತ್ತದೆ. ಅಪಾಯವಿರುವುದು ಇಲ್ಲಿಯೇ. ಕೆಲಸ ಮುಗಿಯಿತೆಂದು ನಂಬಿದವನು ಹಳೆಯ ಪೊಟ್ಟಣವನ್ನು ಬೇರುಸಹಿತ ಕಿತ್ತುಹಾಕಲು ಹೊರಡುತ್ತಾನೆ. ‘ದತ್ತಾಂಶವನ್ನೂ ಅಳಿಸಲೇ?’ ಎಂಬ ಪ್ರಶ್ನೆ ಬರುತ್ತದೆ. ಯೋಚಿಸದೆ ಹೂಂಗುಟ್ಟಿದರೆ ವರ್ಷಗಳ ದಾಖಲೆ ಕ್ಷಣದಲ್ಲಿ ಇಲ್ಲವಾಗುತ್ತದೆ.

ಸರಿಯಾದ ಕ್ರಮವೇನು? ಮೊದಲನೆಯದಾಗಿ, ‘ಪಿಜಿ ಡಂಪ್‌ಆಲ್’ ಎಂಬ ಉಪಕರಣದಿಂದ ಎಲ್ಲವನ್ನೂ ಎಸ್‌ಕ್ಯೂಎಲ್ ಭಾಷೆಯ ವಾಕ್ಯಗಳಾಗಿ ಬರೆಸಿ, ಆ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ಇಡಬೇಕು. ಹಳೆಯ ಕರಣಿಕನು ಕಡತವನ್ನು ಗಟ್ಟಿಯಾಗಿ ಓದಿ ಹೇಳಿದಂತೆ ಇದು. ಹೊಸಬನು ಅದನ್ನು ಕೇಳಿ ತನ್ನ ಕ್ರಮದಲ್ಲಿ ಬರೆದುಕೊಳ್ಳಬಲ್ಲನು. ಎರಡನೆಯದಾಗಿ, ‘ಪಿಜಿ ಡ್ರಾಪ್‌ಕ್ಲಸ್ಟರ್’ ಎಂಬ ಆಜ್ಞೆಯಿಂದ 17ರ ಬರಿದಾದ ಭಂಡಾರವನ್ನು ತೆಗೆಯಬೇಕು. ಇಲ್ಲಿ 17ರ ಬದಲು 15 ಎಂದು ಬರೆದರೆ ಅನಾಹುತವಾದೀತು! ಮೂರನೆಯದಾಗಿ, ‘ಪಿಜಿ ಅಪ್‌ಗ್ರೇಡ್‌ಕ್ಲಸ್ಟರ್’ ಎಂಬ ಆಜ್ಞೆಯನ್ನು ಕೊಡಬೇಕು. ಇದು ದತ್ತಾಂಶವನ್ನು ಹೊಸ ಭಂಡಾರಕ್ಕೆ ಸಾಗಿಸಿ, 5432ನೆಯ ದ್ವಾರವನ್ನು ಅದಕ್ಕೆ ವಹಿಸಿ, ಹಳೆಯದನ್ನು ನಿಲ್ಲಿಸಿ ಹಾಗೆಯೇ ಉಳಿಸುತ್ತದೆ. ಕೊನೆಗೆ, ದಾಖಲೆಗಳ ಎಣಿಕೆ ತಾಳೆಯಾಗುವುದನ್ನೂ ನಿತ್ಯದ ಕೆಲಸ ಸರಿಯಾಗಿ ನಡೆಯುವುದನ್ನೂ ಕೆಲವು ದಿನ ನೋಡಿದ ಮೇಲೆಯೇ ಹಳೆಯದಕ್ಕೆ ವಿದಾಯ ಹೇಳಬೇಕು.

ಇಷ್ಟೆಲ್ಲ ಬಲ್ಲ ಆಪ್ಟ್ ಈ ಕೊನೆಯ ಹೆಜ್ಜೆಗಳನ್ನು ತಾನೇ ಏಕೆ ಇಡುವುದಿಲ್ಲ? ಸಾಗಣೆಗೆ ಕಾಲ ಬೇಕು, ಎರಡು ಪ್ರತಿಗಳಿಗೆ ಸ್ಥಳ ಬೇಕು, ಅಷ್ಟು ಹೊತ್ತು ಕೆಲಸ ನಿಲ್ಲಬೇಕು. ಯಾವ ಹೊತ್ತಿನಲ್ಲಿ ನಿಲ್ಲಿಸಬಹುದೆಂಬುದನ್ನು ಯಂತ್ರ ಅರಿಯದು. ಕಳೆದುಹೋದ ಪೊಟ್ಟಣವನ್ನು ಮತ್ತೆ ತರಿಸಬಹುದು. ಕಳೆದುಹೋದ ದಾಖಲೆಯನ್ನು ತರಿಸಲು ಯಾವ ಭಂಡಾರವೂ ಇಲ್ಲ. ಆದುದರಿಂದಲೇ ಆ ನಿರ್ಧಾರವನ್ನು ಮನುಷ್ಯನಿಗೆ ಬಿಟ್ಟಿದ್ದಾರೆ.